ಟ್ವಿಸ್ಟ್ ಹುಡುಕುತ್ತಿದ್ದವನಿಗೆ ಪುಟ್ಟಣ್ಣ ಸಿಕ್ಕರು

ಐದನೇ ಸೆಮಿಸ್ಟರ್‌ನಲ್ಲಿ ಕಾಲೇಜು ಫೆಸ್ಟ್‌ಗೆಂದು ಹತ್ತು ನಿಮಿಷದ ಕಿರುಚಿತ್ರ ಮಾಡಲು ಹೊರಟೆವು. ಸ್ಕ್ರಿಪ್ಟ್ ಬರೆಯುವ ಹೊಣೆ ನನ್ನದು. ಫ್ಲೋಚಾರ್ಟ್ ಬರೆದು ರೂಢಿಯಾದ ಕೈ, ಕಥೆಯನ್ನೂ ಹಾಗೇ ಬರೆದೆ. ಹತ್ತು ನಿಮಿಷದಲ್ಲಿ ಮೂರು ಟ್ವಿಸ್ಟ್! ಹಾಸ್ಟೆಲ್ ರೂಮಿನಲ್ಲಿ ಓದಿ ಹೇಳಿದಾಗ, ನಾಯಕನ ಪಾತ್ರ ಮಾಡಬೇಕಿದ್ದ ಗೆಳೆಯ ಒಂದೇ ಪ್ರಶ್ನೆ ಕೇಳಿದ: ಇವನು ಯಾಕೆ ಹೀಗೆ ಮಾಡ್ತಾನೆ ಅಂತ. ಟ್ವಿಸ್ಟ್ ಬರಬೇಕಲ್ಲ, ಅದಕ್ಕೆ ಅಂದೆ. ಎಲ್ಲರೂ ನಕ್ಕರು. ನನಗೆ ಮಾತ್ರ ನಗು ಬರಲಿಲ್ಲ.

ಆ ವಾರ ಊರಿಗೆ ಹೋದಾಗ ಅಮ್ಮ ಟಿ.ವಿ.ಯಲ್ಲಿ ‘ಶರಪಂಜರ’ ನೋಡುತ್ತಿದ್ದರು. ಹಳೇ ಸಿನಿಮಾ ಎಂದು ಮೊಬೈಲ್ ಹಿಡಿದು ಪಕ್ಕದಲ್ಲಿ ಕೂತವನು ಅರ್ಧ ಗಂಟೆಯಲ್ಲಿ ಮೊಬೈಲ್ ಕೆಳಗಿಟ್ಟೆ. ಅಂದಿನಿಂದ ಅದರ ನಿರ್ದೇಶಕ ಪುಟ್ಟಣ್ಣ ಕಣಗಾಲ್ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದತೊಡಗಿದೆ.

ಪುಟ್ಟಣ್ಣ ಹುಟ್ಟಿದ್ದು 1933ರ ಡಿಸೆಂಬರ್ 1ರಂದು, ಮೈಸೂರು ಜಿಲ್ಲೆ ಪಿರಿಯಾಪಟ್ಟಣ ತಾಲ್ಲೂಕಿನ ಕಣಗಾಲಿನಲ್ಲಿ. ಬಡತನದ ಮನೆ. ಅಣ್ಣ ಪ್ರಭಾಕರ ಶಾಸ್ತ್ರಿ ಮುಂದೆ ಚಿತ್ರಸಾಹಿತಿಯಾಗಿ ಹೆಸರು ಮಾಡಿದರು. ಪುಟ್ಟಣ್ಣ ಮಾತ್ರ ಹೊಟ್ಟೆಪಾಡಿಗೆ ಸಣ್ಣಪುಟ್ಟ ಕೆಲಸಗಳನ್ನು ಮಾಡುತ್ತಾ ಕೊನೆಗೆ ಬಿ.ಆರ್. ಪಂತುಲು ಅವರ ಬಳಿ ಸಹಾಯಕರಾಗಿ ಸೇರಿದರು. ಅಲ್ಲಿ ಕೆಲಸ ಕಲಿತು, 1964ರಲ್ಲಿ ಮಲಯಾಳದ ‘ಸ್ಕೂಲ್ ಮಾಸ್ಟರ್’ ನಿರ್ದೇಶಿಸಿದರು. ಕನ್ನಡದಲ್ಲಿ ‘ಬೆಳ್ಳಿಮೋಡ’ ಬಂದಾಗ 1967. ಅಷ್ಟರಲ್ಲಿ ಅವರಿಗೆ 33 ವರ್ಷ. ಇಪ್ಪತ್ತೊಂದಕ್ಕೆ ಪ್ಲೇಸ್‌ಮೆಂಟ್ ಆಗದಿದ್ದರೆ ಬದುಕೇ ಮುಗಿಯಿತು ಎಂದುಕೊಳ್ಳುವ ನಾವು ಈ ಲೆಕ್ಕವನ್ನು ಒಮ್ಮೆ ನೋಡಬೇಕು.

‘ಬೆಳ್ಳಿಮೋಡ’ ತ್ರಿವೇಣಿಯವರ ಕಾದಂಬರಿ. ಇಂದಿರಾ ಕಾಫಿ ತೋಟದ ಮಾಲೀಕರ ಒಬ್ಬಳೇ ಮಗಳು. ಅವಳನ್ನು ಮದುವೆಯಾಗಲಿರುವ ಮೋಹನ್ ಅವಳ ತಂದೆಯ ದುಡ್ಡಿನಲ್ಲಿ ಅಮೆರಿಕಕ್ಕೆ ಓದಲು ಹೋಗುತ್ತಾನೆ. ಅಷ್ಟರಲ್ಲಿ ಇಂದಿರಾಗೆ ತಮ್ಮ ಹುಟ್ಟುತ್ತಾನೆ. ಆಸ್ತಿ ಕೈತಪ್ಪಿತು ಎಂದು ಗೊತ್ತಾದಾಗ ಮೋಹನನಿಗೆ ಮದುವೆಯೂ ಬೇಡವಾಗುತ್ತದೆ. ಮುಂದೆ ಅವನು ಬಿದ್ದು ಪೆಟ್ಟು ಮಾಡಿಕೊಂಡಾಗ ಆರೈಕೆ ಮಾಡುವವಳು ಇಂದಿರಾಳೇ. ಪಶ್ಚಾತ್ತಾಪಪಟ್ಟ ಮೋಹನ್ ಮದುವೆಯಾಗಲು ಮುಂದಾಗುತ್ತಾನೆ. ಮಾಮೂಲಿ ಸಿನಿಮಾ ಆಗಿದ್ದರೆ ಅಲ್ಲಿಗೆ ಶುಭಂ. ಇಂದಿರಾ ಒಪ್ಪುವುದಿಲ್ಲ. ನೋಡುವವರಿಗೆ ಇದೊಂದು ಟ್ವಿಸ್ಟ್ ಅನ್ನಿಸುವುದೇ ಇಲ್ಲ, ಏಕೆಂದರೆ ಅಷ್ಟು ಹೊತ್ತಿಗೆ ಇಂದಿರಾ ಎಂಥವಳು ಎಂಬುದು ನಮಗೆ ಗೊತ್ತಾಗಿರುತ್ತದೆ. ಕಥೆ ಅವಳ ಸ್ವಭಾವದಿಂದ ಹುಟ್ಟಿದೆ. ನಾನು ಘಟನೆ ಮೊದಲು ಜೋಡಿಸಿ ಆಮೇಲೆ ಮನುಷ್ಯರನ್ನು ಅದರೊಳಗೆ ತುರುಕಿದ್ದೆ.

1972ರ ‘ನಾಗರಹಾವು’ ಕೂಡ ಹಾಗೆಯೇ. ಸಂಪತ್ ಕುಮಾರ್ ಎಂಬ ಯುವಕನಿಗೆ ವಿಷ್ಣುವರ್ಧನ್ ಎಂದು ಹೆಸರಿಟ್ಟು ರಾಮಾಚಾರಿಯನ್ನಾಗಿ ಮಾಡಿದ್ದು ಪುಟ್ಟಣ್ಣನವರೇ. ಜಲೀಲನಾಗಿ ಅಂಬರೀಷ್ ಪರದೆಗೆ ಬಂದದ್ದೂ ಇದರಲ್ಲೇ. ಆದರೆ ಕೊನೆಯ ದುರಂತ ಯಾವ ಖಳನಾಯಕನಿಂದಲೂ ಬರುವುದಿಲ್ಲ. ಊರಿಗೆಲ್ಲ ಹೆಡೆ ಎತ್ತುವ ಹುಡುಗ ಚಾಮಯ್ಯ ಮೇಷ್ಟ್ರ ಮುಂದೆ ಮಾತ್ರ ತಲೆ ತಗ್ಗಿಸುತ್ತಾನಲ್ಲ, ಆ ಪ್ರೀತಿಯಿಂದಲೇ ಬರುತ್ತದೆ. ಕಾದಂಬರಿಕಾರ ತರಾಸು ಅವರಿಗೆ ಸಿನಿಮಾ ಹಿಡಿಸಲಿಲ್ಲವಂತೆ. ಜನ ಮಾತ್ರ ರಾಮಾಚಾರಿಯನ್ನು ಇಂದಿಗೂ ಬಿಟ್ಟಿಲ್ಲ.

ನನ್ನನ್ನು ಅಲುಗಾಡಿಸಿದ್ದು 1971ರ ‘ಶರಪಂಜರ’. ಇದೂ ತ್ರಿವೇಣಿಯವರ ಕಾದಂಬರಿ. ಮನಃಶಾಸ್ತ್ರ ಓದಿದ್ದ ತ್ರಿವೇಣಿ 1963ರಲ್ಲೇ ತೀರಿಕೊಂಡರು, ಈ ಎರಡೂ ಚಿತ್ರಗಳನ್ನು ಅವರು ನೋಡಲಿಲ್ಲ. ಬಾಣಂತನದ ನಂತರ ಮನಸ್ಸು ಕದಡಿದ ಕಾವೇರಿ ಚಿಕಿತ್ಸೆ ಪಡೆದು, ಗುಣವಾಗಿ ಮನೆಗೆ ಬರುತ್ತಾಳೆ. ಮನೆಯವರ ಕಣ್ಣಲ್ಲಿ ಮಾತ್ರ ಅವಳು ಗುಣವಾಗುವುದೇ ಇಲ್ಲ. ಗಂಡ ದೂರ, ಕೆಲಸದವರಿಗೆ ಭಯ, ನೆರೆಹೊರೆಯವರದು ಪಿಸುಮಾತು. ಅವಳನ್ನು ಮತ್ತೆ ಆಸ್ಪತ್ರೆಗೆ ಕಳಿಸುವುದು ಕಾಯಿಲೆಯಲ್ಲ, ಈ ನೋಟಗಳು. ಕಲ್ಪನಾ ಆ ಪಾತ್ರವೇ ಆಗಿಬಿಟ್ಟಿದ್ದಾರೆ. ಅತ್ಯುತ್ತಮ ಕನ್ನಡ ಚಿತ್ರವೆಂದು ಅದಕ್ಕೆ ರಾಷ್ಟ್ರಪ್ರಶಸ್ತಿಯೂ ಬಂತು.

ಸಿನಿಮಾ ಮುಗಿದಾಗ ಅಮ್ಮ ಕಣ್ಣೊರೆಸಿಕೊಂಡು ಒಳಗೆ ಹೋದರು. ಯಾರು ನೆನಪಾದರೆಂದು ನನಗೆ ಗೊತ್ತಿತ್ತು. ನಮ್ಮ ಹತ್ತಿರದ ಸಂಬಂಧಿಯೊಬ್ಬರಿದ್ದಾರೆ, ಅತ್ತೆ ಎಂದೇ ಕರೆಯುತ್ತೇನೆ. ಕೆಲವು ವರ್ಷಗಳ ಹಿಂದೆ ಇಂಥದ್ದೇ ಚಿಕಿತ್ಸೆ ಪಡೆದು ಚೆನ್ನಾಗಿದ್ದಾರೆ. ಆದರೂ ಹಬ್ಬದ ದಿನ ಯಾರೂ ಅವರ ಕೈಗೆ ಮಗು ಕೊಡುವುದಿಲ್ಲ, ಈಳಿಗೆಮಣೆ ಹತ್ತಿರ ಕೂರಿಸುವುದಿಲ್ಲ. ಅವರು ಜೋರಾಗಿ ನಕ್ಕರೆ ಉಳಿದವರು ಮುಖ ಮುಖ ನೋಡಿಕೊಳ್ಳುತ್ತಾರೆ. ಹಾಗೆ ನೋಡಿಕೊಂಡವರಲ್ಲಿ ನಾನೂ ಒಬ್ಬ. ಅತ್ತೆ ನನ್ನ ಪಾಲಿಗೆ ಒಂದು ಘಟನೆ ಮಾತ್ರ ಆಗಿದ್ದರು.

ಪುಟ್ಟಣ್ಣನವರಲ್ಲಿ ತಕರಾರು ತೆಗೆಯಲು ಜಾಗ ಇಲ್ಲವೆಂದಲ್ಲ. ನಮ್ಮ ತಲೆಮಾರಿಗೆ ಅಳು, ಕೂಗಾಟ ಜಾಸ್ತಿ ಅನ್ನಿಸಬಹುದು. ‘ಗೆಜ್ಜೆಪೂಜೆ’ಯ ಚಂದ್ರಾಳಿಗೆ ಸಾವು, ಕಾವೇರಿಗೆ ಮತ್ತೆ ಆಸ್ಪತ್ರೆ. ತಪ್ಪು ಯಾರದೋ, ಶಿಕ್ಷೆ ಮಾತ್ರ ಹೆಣ್ಣಿಗೆ ಎಂದು ನನ್ನ ಸಹಪಾಠಿಯೊಬ್ಬಳು ವಾದಿಸಿದಾಗ ಉತ್ತರಿಸಲು ತಡವರಿಸಿದೆ. ಆದರೆ ಆ ಹೆಣ್ಣುಮಕ್ಕಳಿಗೆ ಏನು ಬೇಕಿತ್ತು ಎಂಬುದನ್ನು ಮಾತ್ರ ಅವರು ಪ್ರತಿಸಲವೂ ತೋರಿಸಿದರು.

1985ರ ಜೂನ್ 5ರಂದು ಪುಟ್ಟಣ್ಣ ತೀರಿಕೊಂಡರು. ಆಗ ಅವರಿಗೆ 51 ವರ್ಷ. ಕೊನೆಯ ಚಿತ್ರ ‘ಮಸಣದ ಹೂವು’ ಅನ್ನು ಕೆ.ಎಸ್.ಎಲ್. ಸ್ವಾಮಿ ಪೂರ್ಣಗೊಳಿಸಿದರು. ರಾಜ್ಯ ಸರ್ಕಾರ ನಿರ್ದೇಶಕರಿಗೆ ಕೊಡುವ ಪ್ರಶಸ್ತಿಗೆ ಈಗ ಅವರದೇ ಹೆಸರಿದೆ.

ನಾನು ಸ್ಕ್ರಿಪ್ಟ್ ಹರಿದುಹಾಕಿ ಮತ್ತೆ ಬರೆದೆ. ಬ್ಯಾಕ್‌ಲಾಗ್ ಇದೆಯೆಂದು ಅಪ್ಪನಿಗೆ ಹೇಳಲಾಗದ ಒಬ್ಬ ಹುಡುಗ, ಅಷ್ಟೇ ಕಥೆ. ಈ ಸಲ ಗೆಳೆಯ ಯಾಕೆ ಎಂದು ಕೇಳಲಿಲ್ಲ. ಫೆಸ್ಟ್‌ನಲ್ಲಿ ಬಹುಮಾನ ಬರಲಿಲ್ಲ, ಬೇಜಾರೂ ಆಗಲಿಲ್ಲ.

ಮುಂದಿನ ಹಬ್ಬಕ್ಕೆ ಅತ್ತೆ ಮನೆಗೆ ಬಂದಾಗ, ಒಂದು ಮೊರ ಹುರುಳಿಕಾಯಿ, ಚಾಕು ತಂದು ಅವರ ಮುಂದಿಟ್ಟು, ಹೆಚ್ಚಿಕೊಡಿ ಅತ್ತೆ ಎಂದು ಪಕ್ಕದಲ್ಲೇ ಕೂತೆ. ಅಡುಗೆಮನೆ ಒಂದು ಕ್ಷಣ ಸ್ತಬ್ಧವಾಯಿತು. ಅತ್ತೆ ನನ್ನನ್ನೊಮ್ಮೆ ನೋಡಿ ಹೆಚ್ಚತೊಡಗಿದರು. ಪಿ.ಯು.ಸಿ.ಯಲ್ಲಿ ಖೋಖೋ ಆಡುತ್ತಿದ್ದರಂತೆ. ಬಿ.ಎಸ್ಸಿ. ಮಾಡಿ ಟೀಚರ್ ಆಗಬೇಕೆಂದಿತ್ತಂತೆ. ಇಪ್ಪತ್ತು ವರ್ಷದಿಂದ ನೋಡುತ್ತಿರುವ ನನಗೆ ಇದ್ಯಾವುದೂ ಗೊತ್ತಿರಲಿಲ್ಲ. ನಾನು ಕೇಳಿಯೇ ಇರಲಿಲ್ಲ.

ಇದನ್ನೆಲ್ಲ ಪೇಪರಿಗೆ ಬರೆಯಲಾ ಎಂದು ಕೇಳಿದೆ. ಹೆಸರು ಹಾಕಬೇಡ, ಖೋಖೋ ವಿಷಯ ಮಾತ್ರ ಬಿಡಬೇಡ ಎಂದು ಜೋರಾಗಿ ನಕ್ಕರು.