ಕಣ್ಣೆಗಾಲದ ವಿಜಯಿ ಗಂಗರಾಜ

ಶ್ರವಣಬೆಳಗೊಳದ ಚಿಕ್ಕಬೆಟ್ಟವನ್ನೇರಿ ಶಾಸನ ಬಸದಿಯ ದರ್ಶನ ಪಡೆಯದ ಶ್ರಾವಕರು ನಮ್ಮ ಹಿರೀಸಾವೆಯ ಸೀಮೆಯಲ್ಲಿ ವಿರಳ. ಬಾಗಿಲ ಬಳಿಯ ಶಿಲಾಶಾಸನದಿಂದಲೇ ಆ ಬಸದಿಗೆ ಈ ಹೆಸರು ಬಂದಿತು. 1118ರ ಆ ಶಾಸನವು, ತಲಕಾಡಿನ ವಿಜಯದಷ್ಟು ಜನಜನಿತವಲ್ಲದ ಕಣ್ಣೆಗಾಲದ ಯುದ್ಧವನ್ನು ನಮಗಾಗಿ ಉಳಿಸಿಕೊಟ್ಟಿದೆ. ಅದರ ನಾಯಕನು ಹೊಯ್ಸಳ ವಿಷ್ಣುವರ್ಧನನ ಮಹಾಪ್ರಚಂಡ ದಂಡನಾಯಕನಾದ ಗಂಗರಾಜನು.

ಏಚಿರಾಜ, ಪೋಚಿಕಬ್ಬೆಯರ ಪುತ್ರನಾದ ಈತನು ಶುಭಚಂದ್ರ ಸಿದ್ಧಾಂತದೇವರ ಶಿಷ್ಯನು. ಚೋಳರ ಸಾಮಂತ ಅದಿಯಮನನ್ನು ಸೋಲಿಸಿ ತಲಕಾಡನ್ನು ಗೆದ್ದುಕೊಟ್ಟವನು ಇವನೇ. ಆಗ ಹೊಯ್ಸಳರು ಕಲ್ಯಾಣದ ಚಾಲುಕ್ಯರಿಗೆ ಅಧೀನರಾಗಿದ್ದರು. ಸಾಮಂತನ ಬಲ ಹೆಚ್ಚಿದಂತೆ ಒಡೆಯನಿಗೂ ಅವನಿಗೂ ವೈಮನಸ್ಯ ಬೆಳೆಯಿತು. ಪರಚಕ್ರದೊಡನೆ ನಡೆದ ಕದನ ಇದಲ್ಲ. ಕನ್ನಡ ನಾಡಿನೊಳಗೇ ಒಡೆಯನಿಗೂ ಅಧೀನನಿಗೂ ಒದಗಿದ ಕಲಹ.

ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಸೇನೆಯು ಹನ್ನೆರಡು ಮಂದಿ ಸಾಮಂತರೊಡನೆ ಕಣ್ಣೆಗಾಲದಲ್ಲಿ ಬೀಡುಬಿಟ್ಟಿತ್ತು. ಗಂಗರಾಜನು ರಾತ್ರಿಯೆಂದೂ ಲೆಕ್ಕಿಸದೆ ಕುದುರೆಯೇರಿ ಆ ಬೀಡಿನ ಮೇಲೆರಗಿದನು. ಸಾಮಂತರೆಲ್ಲರೂ ಸೋತರು. ಅವರ ಸಾಮಗ್ರಿಗಳನ್ನೂ ವಾಹನಗಳನ್ನೂ ಆತನು ತಂದು ತನ್ನ ಒಡೆಯನಿಗೊಪ್ಪಿಸಿದನು. ಈ ಒಂದು ಗೆಲುವಿನಿಂದ ಹೊಯ್ಸಳರು ಸ್ವತಂತ್ರರಾಗಲಿಲ್ಲ. ಆ ಭಾಗ್ಯ ಇಮ್ಮಡಿ ಬಲ್ಲಾಳನ ಕಾಲಕ್ಕೆ ಕೂಡಿಬಂದಿತು.

ಸಂತುಷ್ಟನಾದ ಅರಸನು ಬೇಕಾದುದನ್ನು ಬೇಡೆಂದಾಗ, ಗಂಗರಾಜನು ಪರಮ ಎಂಬ ಗ್ರಾಮವನ್ನು ಬೇಡಿ ಪಡೆದನು. ಪಡೆದುದನ್ನು ತನ್ನ ಮನೆಗೆ ಸೇರಿಸಿಕೊಳ್ಳಲಿಲ್ಲ. ತಾಯಿ ಪೋಚಿಕಬ್ಬೆಯೂ ಮಡದಿ ಲಕ್ಷ್ಮೀದೇವಿಯೂ ಕಟ್ಟಿಸಿದ ಜಿನಾಲಯಗಳ ಪೂಜೆಗೆ ಅದನ್ನು ಧಾರೆಯೆರೆದನು. ಗಂಗವಾಡಿಯ ಬಸದಿಗಳನ್ನು ಜೀರ್ಣೋದ್ಧಾರಗೊಳಿಸಿ, ಗೊಮ್ಮಟಸ್ವಾಮಿಗೆ ಸುತ್ತಾಲಯವನ್ನು ಕಟ್ಟಿಸಿದನು. ಜಿನನಾಥಪುರವೂ ಈತನ ಸ್ಥಾಪನೆಯೇ.

1121ರಲ್ಲಿ ತಾಯಿಯು ಸಲ್ಲೇಖನ ವ್ರತದಿಂದ ದೇಹತ್ಯಾಗ ಮಾಡಿದರು; ಕೆಲಕಾಲದಲ್ಲಿಯೇ ಲಕ್ಷ್ಮೀದೇವಿಯೂ ಅದೇ ಮಾರ್ಗವನ್ನು ಹಿಡಿದರು. ಇಬ್ಬರಿಗೂ ಗಂಗರಾಜನು ಬೆಳಗೊಳದಲ್ಲಿ ನಿಸಿಧಿಯನ್ನು ನಿಲ್ಲಿಸಿದನು. ಆತನ ತರುವಾಯ ಮಗ ಬೊಪ್ಪನು ತಂದೆಯ ನೆನಪಿಗಾಗಿ ಹಳೇಬೀಡಿನಲ್ಲಿ ಕಟ್ಟಿಸಿದ ಪಾರ್ಶ್ವನಾಥ ಬಸದಿಯು 1133ರಲ್ಲಿ ಪ್ರತಿಷ್ಠೆಗೊಂಡಿತು.

ಅಹಿಂಸೆಯನ್ನು ಪರಮಧರ್ಮವೆಂದು ನಂಬಿದವನು ಕತ್ತಿ ಹಿಡಿದನೇಕೆಂದು ಕೇಳುವವರುಂಟು. ನಾಡನ್ನು ಕಾಯುವ ಗೃಹಸ್ಥನಿಗೆ ವಿರೋಧಿ ಹಿಂಸೆಯು ಅನಿವಾರ್ಯವಾಗಬಹುದೆಂದು ನಮ್ಮ ಶಾಸ್ತ್ರಕಾರರು ಒಪ್ಪಿರುವರು. ಆದರೆ ಗೆದ್ದ ಮೇಲೆ ಗೆಲುವಿನ ಫಲವನ್ನು ಏನು ಮಾಡಬೇಕೆಂಬುದು ಅವನವನ ಮನಸ್ಸಿಗೆ ಬಿಟ್ಟ ವಿಷಯ. ದುಡಿದು ಗಳಿಸುವ ನಮ್ಮೆಲ್ಲರ ಮುಂದಿರುವ ಪ್ರಶ್ನೆಯೂ ಅದೇ. ಕಣ್ಣೆಗಾಲದ ಸಾಮಗ್ರಿ, ವಾಹನಗಳು ಎಂದೋ ಮಣ್ಣಾದವು. ಧಾರೆಯೆರೆದ ದಾನದ ಮಾತು ಮಾತ್ರ ಒಂಬತ್ತು ಶತಮಾನಗಳಾದರೂ ಕಲ್ಲಿನಲ್ಲಿ ಅಳಿಯದೆ ನಿಂತಿದೆ.