ಮೂತ್ರಪಿಂಡದೊಳಗೆ ಇಣುಕಿದ ಮಾಲ್ಪೀಗಿ

ಪ್ರಥಮ ಪಿಯುಸಿಯಲ್ಲಿದ್ದಾಗ ನೆಫ್ರಾನ್ ಚಿತ್ರ ನನಗೆ ಬರೀ ಅಂಕ ತರುವ ಪ್ರಶ್ನೆಯಾಗಿತ್ತು. ಮಾಲ್ಪೀಜಿಯನ್ ಬಾಡಿ ಎಂದು ಗೆರೆ ಎಳೆದು ಬರೆದರೆ ಮುಗಿಯಿತು. ಅದರಲ್ಲಿ ಒಬ್ಬ ಮನುಷ್ಯನ ಹೆಸರಿದೆ ಎಂದು ಒಮ್ಮೆಯೂ ಯೋಚಿಸಿರಲಿಲ್ಲ. ಈ ವರ್ಷ ಅಬ್ಬಾಗೆ ಮೂತ್ರಪಿಂಡದಲ್ಲಿ ಕಲ್ಲಿದೆ ಎಂದು ಸ್ಕ್ಯಾನಿಂಗ್‌ನಲ್ಲಿ ಗೊತ್ತಾಯಿತು. ರಾತ್ರಿಯೆಲ್ಲ ಸೊಂಟ ಹಿಡಿದುಕೊಂಡು ಮನೆಯೊಳಗೆ ಅತ್ತಿತ್ತ ನಡೆಯುತ್ತಿದ್ದ ಅವರನ್ನು ನೋಡಿದ ಮೇಲೆ ಆ ಪಾಠವನ್ನು ಮತ್ತೆ ತೆರೆದೆ. ಹಾಗೆಯೇ ಲೈಬ್ರರಿಯಲ್ಲಿ ಮಾಲ್ಪೀಗಿಯನ್ನೂ ಹುಡುಕಿದೆ.

ಮಾರ್ಚೆಲ್ಲೊ ಮಾಲ್ಪೀಗಿ ಹುಟ್ಟಿದ್ದು 1628ರಲ್ಲಿ, ಇಟಲಿಯ ಬೊಲೊನ್ಯ ನಗರದ ಹತ್ತಿರದ ಕ್ರೆವಾಲ್ಕೋರೆಯಲ್ಲಿ. ವಿಲಿಯಂ ಹಾರ್ವೆಯವರ ರಕ್ತಪರಿಚಲನೆಯ ಪುಸ್ತಕ ಅಚ್ಚಾದದ್ದೂ ಅದೇ ವರ್ಷ. ಓದುತ್ತಿರುವಾಗಲೇ, 1649ರಲ್ಲಿ, ತಂದೆ ತಾಯಿ ಇಬ್ಬರೂ ತೀರಿಕೊಂಡರು. ಮನೆಯ ಹೊಣೆ ಹೊತ್ತು, ಮತ್ತೆ ಓದಿಗೆ ಮರಳಿ, 1653ರಲ್ಲಿ ವೈದ್ಯ ಪದವಿ ಪಡೆದರು. ಆಮೇಲೆ ಬೊಲೊನ್ಯ, ಪಿಸಾ, ಮೆಸ್ಸಿನಾಗಳಲ್ಲಿ ಪಾಠ ಮಾಡಿದರು.

ಅಪಧಮನಿಯ ರಕ್ತ ಅಭಿಧಮನಿಗೆ ಹೇಗೆ ದಾಟುತ್ತದೆ ಎಂದು ಹಾರ್ವೆಗೆ ಕಾಣಿಸಿರಲಿಲ್ಲ, ಅವರ ಬಳಿ ತಕ್ಕ ಸೂಕ್ಷ್ಮದರ್ಶಕವಿರಲಿಲ್ಲ. 1661ರಲ್ಲಿ ಮಾಲ್ಪೀಗಿ ಕಪ್ಪೆಯ ಶ್ವಾಸಕೋಶದಲ್ಲಿ ಲೋಮನಾಳಗಳನ್ನು ಕಂಡು ಆ ಕೊಂಡಿಯನ್ನು ತೋರಿಸಿದರು.

ನನಗೆ ಹೆಚ್ಚು ಹಿಡಿಸಿದ್ದು ಮಾತ್ರ 1666ರಲ್ಲಿ ಪ್ರಕಟವಾದ ಅವರ ಮೂತ್ರಪಿಂಡದ ಕೆಲಸ. ಮೂತ್ರಪಿಂಡದ ಅಪಧಮನಿಯೊಳಗೆ ಮದ್ಯಸಾರ ಬೆರೆಸಿದ ಕಪ್ಪು ಬಣ್ಣದ ದ್ರವ ಹಾಯಿಸಿ, ಕತ್ತರಿಸಿ ನೋಡಿದರು. ಕವಲೊಡೆದ ರಕ್ತನಾಳಗಳ ತುದಿಯಲ್ಲಿ, ಮರದ ಕೊಂಬೆಗೆ ಹಣ್ಣು ಜೋತುಬಿದ್ದಂತೆ, ಸಣ್ಣ ಸಣ್ಣ ಕಪ್ಪು ಉಂಡೆಗಳು ಕಂಡವು. ನಾವು ಗ್ಲೊಮೆರುಲಸ್ ಎನ್ನುವುದು ಇದನ್ನೇ. ರಕ್ತದಿಂದ ಮೂತ್ರ ಬೇರ್ಪಡುವುದು ಇಲ್ಲೇ ಇರಬೇಕು ಎಂದು ಅವರು ಊಹಿಸಿದರು. ಆದರೆ ಈ ಉಂಡೆಗೂ ಮೂತ್ರನಾಳಿಕೆಗೂ ಇರುವ ಸಂಬಂಧ, ಎಷ್ಟು ಹುಡುಕಿದರೂ ಸಿಗಲಿಲ್ಲ. ಅದನ್ನು ತೋರಿಸಿದವರು ಇಂಗ್ಲೆಂಡಿನ ವಿಲಿಯಂ ಬೌಮನ್, 1842ರಲ್ಲಿ. ಅಂದರೆ 176 ವರ್ಷಗಳ ನಂತರ! ನಾವು ಅದನ್ನು ಪೆನ್ಸಿಲ್‌ನಲ್ಲಿ ಐದು ನಿಮಿಷದಲ್ಲಿ ಬರೆದುಬಿಡುತ್ತೇವೆ.

ಒಂದೊಂದು ಮೂತ್ರಪಿಂಡದಲ್ಲೂ ಸುಮಾರು 10 ಲಕ್ಷ ನೆಫ್ರಾನ್‌ಗಳಿವೆ. ಎರಡೂ ಸೇರಿ ದಿನಕ್ಕೆ ಸುಮಾರು 180 ಲೀಟರ್ ದ್ರವ ಸೋಸುತ್ತವೆ. ಅದರಲ್ಲಿ 99 ಪಾಲಿಗೂ ಹೆಚ್ಚು ನಾಳಿಕೆಗಳ ಮೂಲಕ ರಕ್ತಕ್ಕೇ ಹಿಂತಿರುಗಿ, ಒಂದೂವರೆ ಲೀಟರಿನಷ್ಟು ಮಾತ್ರ ಮೂತ್ರವಾಗಿ ಹೊರಹೋಗುತ್ತದೆ. ನೀರು ಕಡಿಮೆ ಕುಡಿದರೆ ಮೂತ್ರ ಗಟ್ಟಿಯಾಗಿ ಅದರಲ್ಲಿನ ಲವಣಗಳು ಹರಳುಗಟ್ಟುತ್ತವೆ. ಅಬ್ಬಾ ಬೆಳಗಿನಿಂದ ಸಂಜೆಯವರೆಗೆ ಬಿಸಿಲಲ್ಲಿ ನಿಂತು ಕೆಲಸ ಮಾಡುವವರು, ನೀರಿನ ನೆನಪೇ ಅವರಿಗಿರುತ್ತಿರಲಿಲ್ಲ.

ಮಾಲ್ಪೀಗಿಯ ಕೊನೆಯ ವರ್ಷಗಳು ಸುಖವಾಗಿರಲಿಲ್ಲ. ವಿರೋಧಿಗಳಿಗೇನೂ ಕೊರತೆಯಿರಲಿಲ್ಲ. 1684ರಲ್ಲಿ ಮನೆಗೆ ಬೆಂಕಿ ಬಿದ್ದು ಸೂಕ್ಷ್ಮದರ್ಶಕಗಳೂ ಬರಹಗಳೂ ಸುಟ್ಟುಹೋದವು. 1691ರಲ್ಲಿ ಪೋಪ್ ಅವರ ವೈದ್ಯರಾಗಿ ರೋಮ್‌ಗೆ ಹೋದರು. 1694ರ ನವೆಂಬರ್‌ನಲ್ಲಿ ಅಲ್ಲೇ ಪಾರ್ಶ್ವವಾಯುವಿನಿಂದ ತೀರಿಕೊಂಡರು. ಅವರ ದೇಹವನ್ನು ಕೊಯ್ದು ಪರೀಕ್ಷಿಸಿದಾಗ ಬಲ ಮೂತ್ರಪಿಂಡ ಎಡದ ಅರ್ಧದಷ್ಟೇ ಇತ್ತು. ಮೂತ್ರಪಿಂಡದ ರಹಸ್ಯ ಹುಡುಕಿದ ಆ ಮನುಷ್ಯ ಬಹಳ ಕಾಲ ಕಲ್ಲಿನ ನೋವು ತಿಂದಿದ್ದರು.

ಇದನ್ನೆಲ್ಲ ಅಬ್ಬಾಗೆ ಹೇಳಿದೆ. ಅಷ್ಟು ಹೊತ್ತಿಗೆ ಅವರ ಕಲ್ಲು ಹೊರಬಿದ್ದಿತ್ತು. ಗ್ಲೊಮೆರುಲಸ್ ಬಗ್ಗೆ ಅವರು ಏನೂ ಕೇಳಲಿಲ್ಲ. ಅಂಥ ನೋವಿಟ್ಟುಕೊಂಡು ಆತ ಸೂಕ್ಷ್ಮದರ್ಶಕದ ಮುಂದೆ ಗಂಟೆಗಟ್ಟಲೆ ಬಗ್ಗಿ ಹೇಗೆ ಕೂರುತ್ತಿದ್ದರು ಎಂದಷ್ಟೇ ಕೇಳಿದರು.