ಬಿಸಿಲನ್ನೇ ಒಲೆ ಮಾಡಿಕೊಂಡ ಪ್ರೊಫೆಸರ್

ಕನಮಡಿ, ತಿಕೋಟಾ ಕಡೆಯವರಿಗೆ ಬಿಸಿಲು ಅಂದ್ರೆ ಏನು ಅಂತ ಹೇಳಿಕೊಡಬೇಕಿಲ್ಲ. ಬೆಳೆ ಒಣಗಿಸೋದೂ ಅದೇ, ದ್ರಾಕ್ಷಿಗೆ ಸಿಹಿ ತುಂಬೋದೂ ಅದೇ. ನಮ್ಮ ರಾಜ್ಯದ ಪಾವಗಡದಲ್ಲಿ ಅದರಿಂದ ಕರೆಂಟನ್ನೂ ಮಾಡ್ತಾರೆ. ಆದರೆ ಮಧ್ಯೆ ಕರೆಂಟ್ ಇಲ್ಲದೆ, ನೇರವಾಗಿ ಬಿಸಿಲಿನಿಂದಲೇ ಕೆಮಿಕಲ್ ತಯಾರಿಸಬಹುದಾ? ನೂರು ವರ್ಷಕ್ಕೂ ಹಿಂದೆಯೇ ಈ ಪ್ರಶ್ನೆಯ ಬೆನ್ನು ಹತ್ತಿದವರು ಜಾಕೊಮೊ ಚಾಮಿಚಾನ್.

ಅವರು ಹುಟ್ಟಿದ್ದು 1857ರಲ್ಲಿ, ಟ್ರಿಯೆಸ್ಟ್ ಊರಲ್ಲಿ. ಅದು ಈಗ ಇಟಲಿಯಲ್ಲಿದೆ, ಆಗ ಆಸ್ಟ್ರಿಯಾಕ್ಕೆ ಸೇರಿತ್ತು. ಕುಟುಂಬ ಅರ್ಮೇನಿಯನ್ ಮೂಲದ್ದು. ವಿಯೆನ್ನಾದಲ್ಲಿ ಓದಿ, 1880ರಲ್ಲಿ ಜರ್ಮನಿಯ ಗೀಸೆನ್‌ನಲ್ಲಿ ಡಾಕ್ಟರೇಟ್ ಪಡೆದರು. ಆಮೇಲೆ ರೋಮ್‌ನಲ್ಲಿ ಕ್ಯಾನಿಝಾರೊ ಹತ್ತಿರ ಅಸಿಸ್ಟೆಂಟ್ ಆದರು. 1889ರಲ್ಲಿ ಬೊಲೊನ್ಯಾ ವಿಶ್ವವಿದ್ಯಾಲಯಕ್ಕೆ ಪ್ರೊಫೆಸರ್ ಆಗಿ ಬಂದವರು ಕೊನೆತನಕ ಅಲ್ಲೇ ಉಳಿದರು.

ಪೌಲ್ ಸಿಲ್ಬರ್ ಎಂಬ ಜರ್ಮನ್ ರಸಾಯನಶಾಸ್ತ್ರಜ್ಞ ಅವರ ಜೊತೆಗಾರ. 1900ರಿಂದ ಇಬ್ಬರೂ ಸೇರಿ ಲ್ಯಾಬಿನ ಮಾಳಿಗೆ ಮೇಲೆ ಸಾಲುಸಾಲಾಗಿ ಗಾಜಿನ ಫ್ಲಾಸ್ಕ್‌ಗಳನ್ನು ಬಿಸಿಲಿಗೆ ಇಡತೊಡಗಿದರು. ಬರ್ನರ್ ಇಲ್ಲ, ಖಾರವಾದ ಆಸಿಡ್ ಇಲ್ಲ. ಒಂದು ಉದಾಹರಣೆ ನೋಡಿ. ಬೆಂಜೋಫಿನೋನ್ ಅನ್ನು ಆಲ್ಕೋಹಾಲ್‌ನಲ್ಲಿ ಕರಗಿಸಿ ಬಿಸಿಲಿಗಿಟ್ಟರೆ, ಅದು ಬೆಳಕು ಹೀರಿ ಆಲ್ಕೋಹಾಲ್‌ನಿಂದ ಒಂದು ಹೈಡ್ರೋಜನ್ ಕಿತ್ತುಕೊಳ್ಳುತ್ತೆ. ಹಾಗಾದ ಎರಡು ತುಣುಕುಗಳು ಕೂಡಿ ಬೆಂಜೋಪಿನಕಾಲ್ ಆಗುತ್ತೆ. ಇದನ್ನೇ ಬೆಳಕಿಲ್ಲದೆ ಮಾಡೋಕೆ ಸತುವಿನ ಪುಡಿ, ಆಸಿಡ್ ಬೇಕು, ಕೊನೆಗೆ ಅದರ ಕಸ ಬೇರೆ ಉಳಿಯುತ್ತೆ. ಪುದೀನ ಜಾತಿಯ ಎಣ್ಣೆಯಲ್ಲಿರುವ ಕಾರ್ವೋನ್ ಅನ್ನಂತೂ ಸುಮಾರು ಒಂದು ವರ್ಷ ಬಿಸಿಲಿಗಿಟ್ಟು ಕಾದರು. 1908ರಲ್ಲಿ ಅದು ಹೊಸ ವಸ್ತುವಾಗಿದೆ ಅಂತ ವರದಿ ಮಾಡಿದರು. ಅವರು ಊಹಿಸಿದ್ದ ರಚನೆ ಸರಿ ಅಂತ ಖಚಿತವಾಗಿದ್ದು 1957ರಲ್ಲಿ!

1912ರ ಸೆಪ್ಟೆಂಬರ್‌ನಲ್ಲಿ ನ್ಯೂಯಾರ್ಕ್‌ನ ಅಂತರರಾಷ್ಟ್ರೀಯ ಸಮ್ಮೇಳನದಲ್ಲಿ ಅವರು ಮಾಡಿದ ಭಾಷಣ ಇವತ್ತಿಗೂ ಪ್ರಸಿದ್ಧ. ಕಲ್ಲಿದ್ದಲು ಅಂದ್ರೆ ಹಳೇ ಕಾಲದ ಬಿಸಿಲಿನ ಉಳಿತಾಯ, ಅದು ಒಂದಿನ ಮುಗಿಯುತ್ತೆ ಅನ್ನೋದು ಅವರ ವಾದ. ಹಾಗಾಗಿ ಮಳೆಯಿಲ್ಲದ ಒಣ ನಾಡುಗಳಲ್ಲಿ ಗಾಜಿನ ಕೊಳವೆಗಳ ಕಾಡು ಬೆಳೆಸಿ, ಹೊಗೆಯಿಲ್ಲದ ಕಾರ್ಖಾನೆ ನಡೆಸಬಹುದು ಅಂದರು. ಫಲವತ್ತಾದ ಭೂಮಿ ಬೇಸಾಯಕ್ಕಿರಲಿ, ಬರಡು ಭೂಮಿ ಇದಕ್ಕಿರಲಿ ಅನ್ನೋ ಲೆಕ್ಕ. ಬರದ ಜಿಲ್ಲೆ ಅಂತ ಹೆಸರು ಹೊತ್ತಿರುವ ನಮ್ಮಂಥವರಿಗೆ ಇದು ಸಣ್ಣ ಮಾತಲ್ಲ.

ಆದರೆ ಜಗತ್ತು ಕೇಳಲಿಲ್ಲ. ಕಲ್ಲಿದ್ದಲು, ಪೆಟ್ರೋಲಿಯಂ ಅಗ್ಗವಾಗಿದ್ದವು. ಬಿಸಿಲಿನ ರಿಯಾಕ್ಷನ್ ನಿಧಾನ, ಮೋಡ ಬಂದರೆ ನಿಂತೇ ಹೋಗುತ್ತೆ. ಮೊದಲ ಮಹಾಯುದ್ಧ ಬಂದು ಸಿಲ್ಬರ್ ಜೊತೆಗಿನ ಕೆಲಸವೂ ನಿಂತಿತು. ನೊಬೆಲ್‌ಗೆ ಹಲವು ಸಲ ಹೆಸರು ಹೋದರೂ ಬರಲಿಲ್ಲ. 1922ರ ಜನವರಿ 2ರಂದು ಚಾಮಿಚಾನ್ ತೀರಿಕೊಂಡರು.

ಇವತ್ತು ಗ್ರೀನ್ ಕೆಮಿಸ್ಟ್ರಿ ಓದುವವರು ಅವರಿಂದಲೇ ಶುರು ಮಾಡ್ತಾರೆ. ಬೊಲೊನ್ಯಾದ ಕೆಮಿಸ್ಟ್ರಿ ವಿಭಾಗಕ್ಕೆ ಅವರದೇ ಹೆಸರಿದೆ. ಕಣ್ಣಿಗೆ ಕಾಣುವ ಬೆಳಕನ್ನು ಹಿಡಿಯುವ ಕ್ಯಾಟಲಿಸ್ಟ್‌ಗಳು ಈಗ ಬಂದಿವೆ. ತೆಳು ಕೊಳವೆಯಲ್ಲಿ ದ್ರಾವಣ ಹರಿಸಿದರೆ ಬೆಳಕು ಒಳಗಿನವರೆಗೂ ತಲುಪುತ್ತೆ ಅನ್ನೋದೂ ಗೊತ್ತಾಗಿದೆ. ಇನ್ನು ಉಳಿದಿರೋದು ಹೆಚ್ಚಾಗಿ ನಮ್ಮ ಕೆಲಸ: ಮೋಡ ಬಂದಾಗ ಹರಿವು ತಾನೇ ನಿಧಾನವಾಗುವ ಕಂಟ್ರೋಲ್, ಧೂಳು ತಡೆಯುವ ಗಾಜು, ಕಡಿಮೆ ಖರ್ಚಿನ ರಿಯಾಕ್ಟರ್. ಕೆಮಿಕಲ್, ಮೆಕ್ಯಾನಿಕಲ್, ಎಲೆಕ್ಟ್ರಾನಿಕ್ಸ್ ಮೂರೂ ಬ್ರಾಂಚಿನವರು ಕೂತು ಮಾಡಬೇಕಾದ ಪ್ರಾಜೆಕ್ಟ್ ಇದು. ಬಿಸಿಲಂತೂ ಕನಮಡಿಯಲ್ಲಿ ಬೇಕಾದಷ್ಟಿದೆ.